ಹಳೆಯ ಬೈಕಿನ ಮುಂಚಕ್ರ: 19 ಇಂಚೋ, 18 ಇಂಚೋ?

ಹಳೆಯ ಮೋಟಾರ್‌ಸೈಕಲ್ಲಿನ ಮುಂಭಾಗದಲ್ಲಿ 19 ಇಂಚಿನ ಚಕ್ರವನ್ನೇ ಉಳಿಸಿಕೊಳ್ಳಬೇಕೇ, 18ಕ್ಕೆ ಇಳಿಯಬೇಕೇ ಎಂಬುದು ನೋಟಕ್ಕಿಂತ ಹೆಚ್ಚಾಗಿ ಹ್ಯಾಂಡಲಿನ ಸ್ವಭಾವಕ್ಕೆ ಸಂಬಂಧಿಸಿದ ಪ್ರಶ್ನೆ. ದೊಡ್ಡ ಚಕ್ರವು ಗುಂಡಿಗಳನ್ನು ಸಲೀಸಾಗಿ ದಾಟುತ್ತದೆ, ನೇರ ರಸ್ತೆಯಲ್ಲಿ ಗಾಡಿಯನ್ನು ಸ್ಥಿರವಾಗಿ ಹಿಡಿದಿಡುತ್ತದೆ. ತಿರುವಿನಲ್ಲಿ ಮಾತ್ರ ತುಸು ನಿಧಾನವಾಗಿ ವಾಲುತ್ತದೆ.

18 ಇಂಚಿನದು ಚುರುಕು. ಆದರೆ ಟೈರಿನ ಪಕ್ಕಗೋಡೆಯ ಎತ್ತರ ಒಂದೇ ಇದ್ದರೆ ಆಕ್ಸಲ್ ಸುಮಾರು 12.7 ಮಿ.ಮೀ. ಕೆಳಗಿಳಿದು, ಫೋರ್ಕಿನ (ಮುಂಚಕ್ರವನ್ನು ಹಿಡಿದಿರುವ ಕವಲಿನ) ಓರೆ ಕಡಿಮೆಯಾಗಿ, ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷದ ರೇಖೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕುಗ್ಗುವುದರಿಂದ, ವೇಗದಲ್ಲಿ ಹ್ಯಾಂಡಲ್ ಹಗುರವೆನಿಸಬಹುದು; ಮುಂಚಕ್ರದಿಂದ ಕೇಬಲ್ ಪಡೆಯುವ ಸ್ಪೀಡೋಮೀಟರ್ ಕೂಡ ಮೊದಲಿಗಿಂತ ಹೆಚ್ಚು ವೇಗ ತೋರಿಸುತ್ತದೆ. ಹಿಂಚಕ್ರವನ್ನೂ ಅಷ್ಟೇ ಇಳಿಸಿದರೆ ಫೋರ್ಕಿನ ಓರೆಯೇನೋ ಉಳಿಯುತ್ತದೆ, ಆದರೆ ಎಂಜಿನ್ ನೆಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ.

ದೂರದ ಪ್ರಯಾಣಕ್ಕೆ ನನ್ನ ಆಯ್ಕೆ ನಿಸ್ಸಂದೇಹವಾಗಿ 19. ಅಂಕುಡೊಂಕಿನ ನುಣುಪು ರಸ್ತೆಯಲ್ಲೇ ಹೆಚ್ಚು ಓಡಿಸುವವರಿಗೆ 18 ಒಪ್ಪುತ್ತದೆ.