ಕೂದಲು ಉದುರುವ ಪಾಠ: ಕಂಪನಿ ತರಬೇತಿ, ಆನ್‌ಲೈನ್ ಕೋರ್ಸ್, ಚರ್ಮದ ಡಾಕ್ಟರ ಕೋಣೆ

ಕೂದಲು ಉದುರುವ ಸಂಕಟವನ್ನು ಜನ ಡಾಕ್ಟರಿಗಿಂತ ಮೊದಲು ಪಾರ್ಲರ್, ಸೆಲೂನಿನವರಾದ ನಮ್ಮ ಹತ್ತಿರ ಹೇಳಿಕೊಳ್ಳುತ್ತಾರೆ. ಹೇಳದಿದ್ದರೂ ನಮಗೆ ಕಾಣುತ್ತದೆ. ಬೈತಲೆ ಅಗಲವಾಗಿರುವುದು, ಹಿಂದಲೆಯಲ್ಲಿ ಸಣ್ಣ ಬೋಳು ಬಿದ್ದಿರುವುದು ಮನೆಯವರಿಗಿಂತ ಮೊದಲು ಬಾಚಣಿಗೆ ಹಿಡಿದವರ ಕಣ್ಣಿಗೆ ಬೀಳುತ್ತದೆ. ಆದರೆ ನಾವು ಕಲಿತ ಬ್ಯೂಟಿಷಿಯನ್ ಕೋರ್ಸಿನಲ್ಲಿ ಕಟ್ಟಿಂಗ್, ಫೇಶಿಯಲ್, ಬಣ್ಣ ಇವೇ ಜಾಸ್ತಿ. ತಲೆಯ ಚರ್ಮದ ಪಾಠ ಬೇಗ ಮುಗಿದು ಹೋಗುತ್ತದೆ.

ಕಾಸರಗೋಡಿನ ಕುಂಬಳೆಯಲ್ಲಿ ನನ್ನ ಪಾರ್ಲರ್ ಇದೆ. ಪಕ್ಕದಲ್ಲೇ ತಮ್ಮನ ಗಂಡಸರ ಸೆಲೂನ್. ಈ ವಿಷಯ ಸರಿಯಾಗಿ ಕಲಿಯಬೇಕು ಎಂದು ಇಬ್ಬರೂ ಮೂರು ದಾರಿ ಹಿಡಿದು ನೋಡಿದೆವು. ಶಾಂಪೂ, ಸೀರಂ ಮಾರುವ ಕಂಪನಿಯೊಂದರ ತರಬೇತಿ, ಇಂಗ್ಲಿಷಿನ ಆನ್‌ಲೈನ್ ಟ್ರೈಕಾಲಜಿ (ಕೂದಲು, ತಲೆಯ ಚರ್ಮದ ವಿದ್ಯೆ) ಕೋರ್ಸ್, ಮತ್ತೆ ಮಂಗಳೂರಿನ ಚರ್ಮದ ಡಾಕ್ಟರೊಬ್ಬರ ಪಕ್ಕದಲ್ಲಿ ಕೂತು ನೋಡಿದ್ದು. ಮೂರರಲ್ಲೂ ಸಿಕ್ಕಿದ್ದಿದೆ. ಆದರೆ ಮೂರೂ ಒಂದೇ ತೂಕದ್ದಲ್ಲ.

ಕಂಪನಿ ತರಬೇತಿ ಮಂಗಳೂರಿನ ಹೋಟೆಲೊಂದರ ಹಾಲಿನಲ್ಲಿ. ಖರ್ಚಿಲ್ಲ, ಊಟವೂ ಅವರದೇ. ಪಾಠ ಕನ್ನಡ, ತುಳು, ಮಲಯಾಳ ಬೆರೆಸಿ ನಡೆಯುತ್ತದೆ, ಹಾಗಾಗಿ ಯಾರೂ ಬಾಯಿ ಮುಚ್ಚಿ ಕೂರಬೇಕಾಗಿಲ್ಲ. ಕೈಕೆಲಸ ಚೆನ್ನಾಗಿ ಕಲಿಸಿದರು. ತಲೆ ತೊಳೆಯುವಾಗ ಉಗುರು ತಾಗಿಸದೆ ಬೆರಳ ತುದಿಯಿಂದ ಉಜ್ಜುವುದು, ಉಗುರುಬೆಚ್ಚಗಿನ ನೀರು, ಶಾಂಪೂ ಪೂರ್ತಿ ಹೋಗುವ ತನಕ ತೊಳೆಯುವುದು. ಇದು ಈಗಲೂ ನಮ್ಮಲ್ಲಿ ದಿನಾ ಉಪಯೋಗಕ್ಕೆ ಬರುತ್ತದೆ.

ಆದರೆ ಕಾಯಿಲೆಯ ಮಾತು ಬಂದ ಕೂಡಲೇ ಪಾಠ ನಿಂತು ಮಾರಾಟ ಶುರು. ಹೊಟ್ಟಿಗೂ ಬಾಟಲಿ, ಬೈತಲೆ ಅಗಲಕ್ಕೂ ಬಾಟಲಿ, ಹೆರಿಗೆಯ ನಂತರ ಉದುರುವುದಕ್ಕೂ ಅದೇ ಬಾಟಲಿ. ತಲೆಯ ಚರ್ಮವನ್ನು ದೊಡ್ಡದು ಮಾಡಿ ತೋರಿಸುವ ಕ್ಯಾಮೆರಾ ಕೊಟ್ಟರು. ಅಷ್ಟು ದೊಡ್ಡದು ಮಾಡಿದರೆ ಯಾರ ತಲೆಯಾದರೂ ಹೊಲಸಾಗಿ ಕಾಣುತ್ತದೆ, ಅಲ್ವಾ? ಗಿರಾಕಿ ಹೆದರಿದಾಗ ಏನು ಮಾರಬೇಕು ಎಂದು ಹೇಳಿದರೇ ಹೊರತು, ಪರದೆಯಲ್ಲಿ ಕಂಡದ್ದನ್ನು ಓದುವುದು ಹೇಗೆ ಎಂದು ಹೇಳಲಿಲ್ಲ. ನಮ್ಮ ದೇಶದ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಎಂಬ ಪಟ್ಟಿಯಿದೆ. ಯಾವ ಕಾಯಿಲೆಗಳನ್ನು ಗುಣ ಮಾಡುತ್ತೇವೆ ಎಂದು ಔಷಧದ ಮೇಲೆ ಹೇಳಿಕೊಳ್ಳಬಾರದು ಎಂಬ ಪಟ್ಟಿ ಅದು. ಬೋಳು ತಲೆಯೂ ಹೊಸ ಕೂದಲು ಬೆಳೆಸುವುದೂ ಅದರಲ್ಲಿವೆ. ಆ ಹಾಲಿನಲ್ಲಿ ಇದರ ಸುದ್ದಿಯೇ ಬರಲಿಲ್ಲ.

ಬಣ್ಣದ ವಿಷಯದಲ್ಲೂ ಹಾಗೆಯೇ. ಅಮೋನಿಯಾ ಇಲ್ಲ, ಭಯವಿಲ್ಲ ಎಂದರು. ಆದರೆ ಅಲರ್ಜಿ ತರುವುದರಲ್ಲಿ ಮುಖ್ಯವಾದದ್ದು ಪಿಪಿಡಿ ಎಂಬ ಬಣ್ಣದ ರಾಸಾಯನಿಕ. ಅಮೋನಿಯಾ ಇಲ್ಲದ ಬಣ್ಣದಲ್ಲೂ ಅದು ಇರಬಹುದು, ಮದುವೆಮನೆಯ ಕಪ್ಪು ಮೆಹಂದಿಯಲ್ಲೂ ಇರಬಹುದು. 48 ಗಂಟೆ ಮೊದಲು ಬಣ್ಣವನ್ನು ಚರ್ಮಕ್ಕೆ ಸ್ವಲ್ಪ ಹಚ್ಚಿ ನೋಡುವ ಪ್ಯಾಚ್ ಟೆಸ್ಟ್ ಮಾಡಬೇಕು ಎಂಬುದನ್ನು ಗಟ್ಟಿಯಾಗಿ ಹೇಳಿದ್ದು ಆನ್‌ಲೈನ್ ಕೋರ್ಸ್.

ಆ ಕೋರ್ಸಿಗೆ ದುಡ್ಡು ಬೇಕು, ಇಂಗ್ಲಿಷೂ ಬೇಕು. ತಮ್ಮನಿಗೆ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಬೇಕಾಯಿತು. ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಕೂತು ಪಾಠವನ್ನು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಆದರೂ 'ಯಾಕೆ' ಎಂಬುದು ತಿಳಿದದ್ದು ಇಲ್ಲಿ. ಒಂದು ಕೂದಲು 2ರಿಂದ 6 ವರ್ಷ ಬೆಳೆಯುತ್ತದೆ, ಎರಡು ಮೂರು ವಾರ ಬೆಳವಣಿಗೆ ನಿಲ್ಲಿಸುತ್ತದೆ, ಸುಮಾರು 3 ತಿಂಗಳು ಸುಮ್ನೆ ಇದ್ದು ಉದುರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು ಇವು ಒಟ್ಟಿಗೇ ತುಂಬಾ ಕೂದಲನ್ನು ಆ ಸುಮ್ಮನಿರುವ ಹಂತಕ್ಕೆ ತಳ್ಳುತ್ತವೆ. ಹಾಗಾಗಿ ಉದುರುವುದು ಎರಡು ಮೂರು ತಿಂಗಳ ನಂತರ.

ಇದು ಗೊತ್ತಾದ ಮೇಲೆ ನಮ್ಮೂರಿನ ಲೆಕ್ಕ ಸರಿಯಾಗಿ ಕೂತಿತು. ಮಳೆಗಾಲದಲ್ಲಿ ಡೆಂಗಿ ಬಂದವರು ನವರಾತ್ರಿಯ ಹೊತ್ತಿಗೆ ಕೈತುಂಬ ಕೂದಲು ತಂದು ತೋರಿಸುತ್ತಾರೆ. ಜ್ವರ ಮರೆತೇ ಹೋಗಿರುತ್ತದೆ, ಹೊಸ ಸೋಪಿನ ಮೇಲೆ ದೂರು. ಕಾರಣ ಹೋದರೆ ಇಂಥ ಉದುರುವಿಕೆ ಹೆಚ್ಚಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಆ ಹೊತ್ತಿಗೆ ಯಾವ ಎಣ್ಣೆ, ಯಾವ ಸೀರಂ ಹಚ್ಚುತ್ತಿದ್ದರೋ ಅದಕ್ಕೆ ಹೆಸರು ಬರುತ್ತದೆ. ಕಂಪನಿ ತರಬೇತಿಯಲ್ಲಿ ತೋರಿಸಿದ ಮೊದಲು-ನಂತರದ ಫೋಟೊಗಳನ್ನು ಈಗ ನೋಡಿದರೆ ನನಗೆ ಮೊದಲು ಬರುವ ಪ್ರಶ್ನೆ ಇದೇ: ಇವರಿಗೆ ಮೂರು ತಿಂಗಳ ಹಿಂದೆ ಏನಾಗಿತ್ತು?

ಕೋರ್ಸಿನ ಕೊರತೆ ಚಿತ್ರಗಳಲ್ಲಿ. ಹೆಚ್ಚಿನವು ಬಿಳಿ ಚರ್ಮದವರದು. ಅವರಲ್ಲಿ ಕೆಂಪಗೆ ಕಾಣುವ ಉರಿಯೂತ ನಮ್ಮವರಲ್ಲಿ ಕಂದು, ನೇರಳೆಯಾಗಿ ಕಾಣಬಹುದು. ಇನ್ನು ಸರ್ಟಿಫಿಕೇಟ್. ಟ್ರೈಕಾಲಜಿ 1902ರಲ್ಲೇ ಲಂಡನ್ನಿನಲ್ಲಿ ಸಂಸ್ಥೆ ಕಟ್ಟಿಕೊಂಡ ವಿದ್ಯೆ, ಗೌರವ ಇರಲಿ. ಆದರೆ ಅದನ್ನು ಕಲಿತವರು ಡಾಕ್ಟರಲ್ಲ. ಗೋಡೆಗೆ ಆ ಸರ್ಟಿಫಿಕೇಟ್ ಹಾಕಿ ಮಾತ್ರೆ ಬರೆಯುವವರನ್ನು ನೋಡಿದರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಮೂರನೆಯದು ಡಾಕ್ಟರ ಕೋಣೆ. ಇದಕ್ಕೆ ಫೀಸಿಲ್ಲ, ಸರ್ಟಿಫಿಕೇಟೂ ಇಲ್ಲ. ನಾವು ಕಳಿಸಿದ ಗಿರಾಕಿಗಳ ಮೂಲಕ ಪರಿಚಯವಾದ ಡಾಕ್ಟರಮ್ಮ, ರೋಗಿ ಒಪ್ಪಿದರೆ ಮಾತ್ರ ಮೂಲೆಯಲ್ಲಿ ಕೂರಬಹುದು ಎಂದರು. ಕಣ್ಣು ಪಳಗಿದ್ದು ಅಲ್ಲೇ.

ಒಬ್ಬ ಹುಡುಗನ ತಲೆಯಲ್ಲಿ ರೂಪಾಯಿ ನಾಣ್ಯದಷ್ಟು ಬೋಳು. ಹುಳ ತಿಂದಿದೆ ಎಂದು ಮನೆಯಲ್ಲಿ ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟಿತ್ತು. ಡಾಕ್ಟರಮ್ಮ ಲೆನ್ಸ್ ಇಟ್ಟು ನನ್ನನ್ನು ಹತ್ತಿರ ಕರೆದರು. ಸುಟ್ಟ ಜಾಗ ಬಿಟ್ಟರೆ ಚರ್ಮ ನುಣುಪು. ಅಂಚಿನಲ್ಲಿ ಗಿಡ್ಡ ಕೂದಲು, ತುದಿ ದಪ್ಪ, ಬುಡಕ್ಕೆ ಬರುತ್ತಾ ಸಪೂರ, ಆಶ್ಚರ್ಯ ಚಿಹ್ನೆಯ ಹಾಗೆ. ಅದು ಅಲೋಪೀಸಿಯಾ ಏರಿಯೇಟಾ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡಕ್ಕೆ ಬೀಳುವುದು, ಇದು ಅಂಟುವುದಿಲ್ಲ. ಅದೇ ಜಾಗದಲ್ಲಿ ಹೊಟ್ಟು, ತುಂಡಾದ ಕೂದಲು, ಕುತ್ತಿಗೆಯಲ್ಲಿ ಗಂಟು ಇದ್ದರೆ ಫಂಗಸ್ ಎಂದು ಅನುಮಾನಿಸಬೇಕು. ಅದು ಮಕ್ಕಳಲ್ಲಿ ಜಾಸ್ತಿ, ಬಾಚಣಿಗೆಯಿಂದಲೂ ಕ್ಲಿಪ್ಪರಿನಿಂದಲೂ ಹರಡುತ್ತದೆ. ಬರೀ ಮುಲಾಮಿಗೆ ಹೋಗುವುದಿಲ್ಲ, ಡಾಕ್ಟರ್ ಕೊಟ್ಟ ಔಷಧ ಹೊಟ್ಟೆಗೆ ತೆಗೆದುಕೊಳ್ಳಬೇಕು. ತಮ್ಮ ಮಾರನೇ ದಿನವೇ ಕ್ಲಿಪ್ಪರಿನ ಬ್ಲೇಡ್ ಬಿಚ್ಚಿ, ಕೂದಲು ಬ್ರಷ್ ಮಾಡಿ ತೆಗೆದು, ಪ್ರತಿ ಗಿರಾಕಿಯ ನಂತರವೂ ಬ್ಲೇಡಿಗೆ ಕ್ರಿಮಿನಾಶಕ ಹಾಕುವ ಪದ್ಧತಿ ಶುರು ಮಾಡಿದ.

ಇನ್ನೊಂದು ಪಾಠ ಕೂದಲಿನ ರಂಧ್ರದ್ದು. ಬೋಳಾದ ಜಾಗದಲ್ಲಿ ರಂಧ್ರ ಕಾಣುತ್ತಿದ್ದರೆ ಕೂದಲು ಮರಳುವ ದಾರಿ ಇದೆ. ರಂಧ್ರವೇ ಮುಚ್ಚಿ ಚರ್ಮ ಹೊಳೆಯುತ್ತಿದ್ದರೆ ಅದು ಕಲೆ ಕಟ್ಟುವ ಜಾತಿ, ಹೋದದ್ದು ಬರುವುದಿಲ್ಲ. ಇರುವುದನ್ನು ಉಳಿಸಲು ಬೇಗ ಡಾಕ್ಟರ ಹತ್ತಿರ ಹೋಗಬೇಕು. ಆರು ತಿಂಗಳು ಸೀರಂ ಹಚ್ಚಿಸಿ ಕಾಯಿಸಿದರೆ ಆ ಆರು ತಿಂಗಳ ಕೂದಲಿಗೆ ನಾವೇ ಹೊಣೆ.

ಗಲ್ಫಿನಿಂದ ರಜೆಗೆ ಬಂದ ಹುಡುಗರೂ ಬರುತ್ತಿದ್ದರು. ಎಲ್ಲರ ದೂರೂ ಅಲ್ಲಿನ ನೀರಿನ ಮೇಲೆ. ಡಾಕ್ಟರಮ್ಮ ಹಣೆಯ ಎರಡು ಮೂಲೆ ಮತ್ತು ನೆತ್ತಿ ತೋರಿಸಿ, ಹಿಂದಲೆಯ ಕೂದಲು ದಪ್ಪ ಇದೆಯಲ್ಲ, ನೀರು ಅಲ್ಲಿಗೂ ಬಿದ್ದಿದೆಯಲ್ಲ ಎಂದು ಕೇಳುತ್ತಿದ್ದರು. ನೀರು ಕೂದಲನ್ನು ಒರಟು ಮಾಡಬಹುದು, ತುಂಡು ಮಾಡಬಹುದು. ಹೀಗೆ ಜಾಗ ನೋಡಿ ಸಪೂರವಾಗುವುದು ವಂಶದ್ದು, ಹಾರ್ಮೋನಿನದ್ದು. ಅಂಥವರಿಗೆ ಕೂದಲು ಬೆಳೆಯಲು ತಲೆಗೆ ಹಚ್ಚುವ ಔಷಧ ಮಿನಾಕ್ಸಿಡಿಲ್ ಬರೆದಾಗ ಮೊದಲ ವಾರಗಳಲ್ಲಿ ಉದುರುವುದು ಸ್ವಲ್ಪ ಜಾಸ್ತಿಯಾಗಬಹುದು, ನಾಲ್ಕು ತಿಂಗಳಾದರೂ ಬಿಡದೆ ನೋಡಿ ಎನ್ನುತ್ತಿದ್ದರು. ಎರಡನೇ ವಾರಕ್ಕೆ ಹೆದರಿ ಸೆಲೂನಿಗೆ ಬಂದವರಿಗೆ ತಮ್ಮ ಈಗ ಅದನ್ನೇ ಹೇಳಿ, ಬಿಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಎನ್ನುತ್ತಾನೆ.

ಈ ದಾರಿಯ ತೊಂದರೆ ಎಂದರೆ ಆ ದಿನ ಬಂದ ರೋಗಿಯಷ್ಟೇ ಪಾಠ. ಕ್ರಮ ಇಲ್ಲ. ಆನ್‌ಲೈನ್ ಕೋರ್ಸ್ ಮೊದಲು ಮಾಡಿರದಿದ್ದರೆ ಅರ್ಧ ಮಾತು ನನಗೆ ತಲೆಗೆ ಹೋಗುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಸ್ವಲ್ಪ ಬರುವವರಿಗೆ ನಾನು ಹೇಳುವುದು ಮೊದಲು ಕೋರ್ಸ್, ಆಮೇಲೆ ಡಾಕ್ಟರ ಕೋಣೆ. ಇಂಗ್ಲಿಷ್ ಬಾರದವರು, ದುಡ್ಡು ಕಷ್ಟ ಎನ್ನುವವರು ಕೋರ್ಸ್ ಬಿಡಿ, ಡಾಕ್ಟರ ಕೋಣೆ ಬಿಡಬೇಡಿ. ಕಂಪನಿ ತರಬೇತಿಗೆ ಕೈಕೆಲಸಕ್ಕಾಗಿ ಹೋಗಿ, ಆದರೆ ಅಲ್ಲೇ ಸ್ಟಾಕಿಗೆ ಆರ್ಡರ್ ಬರೆಯಬೇಡಿ. ಕಾಸರಗೋಡಿನ ಕನ್ನಡ, ಮಲಯಾಳ ಎರಡರಲ್ಲೂ ಇಂಥ ಪಾಠ ಮಾಡುವವರು ಬಂದರೆ ನನ್ನ ಪಾರ್ಲರಿನ ಹಾಲನ್ನೇ ಬಿಟ್ಟುಕೊಡುತ್ತೇನೆ.

ಡಾಕ್ಟರನ್ನು ಕೇಳುವುದು ಹೇಗೆ ಎಂಬ ಸಂಕೋಚ ಬೇಡ. ರೋಗಿಗಳನ್ನು ನೋಡುವ ಒಪಿ ಮುಗಿಯುವ ಹೊತ್ತಿಗೆ ಹೋಗಿ. ಗಿರಾಕಿಯನ್ನು ಕೇಳಿಕೊಂಡು, ನೀವು ಕಂಡದ್ದನ್ನು ಚೀಟಿಯಲ್ಲಿ ಬರೆದು ಮೊದಲೇ ಕಳಿಸಿರಿ: ಎಷ್ಟು ತಿಂಗಳಿಂದ, ತಲೆಯ ಯಾವ ಜಾಗ, ತುರಿಕೆ ಇದೆಯೇ, ಇತ್ತೀಚೆಗೆ ಜ್ವರ ಅಥವಾ ಹೆರಿಗೆ ಆಗಿತ್ತೇ, ಯಾವ ಬಣ್ಣ ಹಾಕಿದ್ದು. ನಮ್ಮ ಡಾಕ್ಟರಮ್ಮ ಮಾತಾಡಲು ಒಪ್ಪಿದ್ದೇ ಅಂಥ ಒಂದು ಚೀಟಿ ನೋಡಿ.