ಆಟೋ ಹಬ್ ಕಿತ್ತಾಕಿ ಮ್ಯಾನುವಲ್ ಲಾಕಿಂಗ್ ಹಬ್ ಹಾಕ್ಸಿ ಆರು ಮಳೆಗಾಲ ಆಯ್ತು

ನಮ್ದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಟಾರ್ ರೋಡಿಂದ ಮನೆಗೆ 3 ಕಿಲೋಮೀಟರ್ ಮಣ್ಣು ದಾರಿ, ಮನೆಯಿಂದ ಕೆಳಗಿನ ತೋಟಕ್ಕೆ ಇನ್ನೊಂದು ಮುಕ್ಕಾಲು ಕಿಲೋಮೀಟರ್ ಪೂರ್ತಿ ಇಳಿಜಾರು, ಮಧ್ಯ ಒಂದು ಹಳ್ಳ. ಮಳೆಗಾಲದಲ್ಲಿ ಅಲ್ಲಿ ಬರೀ ಹಿಂದಿನ ಚಕ್ರ ಎಳೆಯೋ ಗಾಡಿ ಇಳಿದ್ರೆ ಮತ್ತೆ ಹತ್ತೋ ಮಾತೇ ಇಲ್ಲ. ಅದಕ್ಕೇ 2006ನೇ ಮಾಡೆಲ್ ಡಬಲ್ ಕ್ಯಾಬಿನ್ ಫೋರ್ ವೀಲ್ ಪಿಕಪ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಗೊಳ್ವಾಗ ಇಂಜಿನ್ ನೋಡ್ದೆ, ಚಾಸಿಗೆ ತುಕ್ಕು ಹಿಡಿದಿದ್ಯಾ ಅಂತ ಮಲ್ಕೊಂಡು ನೋಡ್ದೆ, ಮುಂದಿನ ಹಬ್ (ಚಕ್ರವನ್ನ ಆಕ್ಸಲ್ ಶಾಫ್ಟಿಗೆ ಸೇರಿಸೋ, ಬೇಡದಾಗ ಬಿಡಿಸೋ ಭಾಗ) ಎಂಥದ್ದು ಅಂತ ಮಾತ್ರ ಕೇಳ್ಲೇ ಇಲ್ಲ. ಇದ್ದಿದ್ದು ತಾನಾಗೇ ಹಿಡಿಯೋ ಬಿಡೋ ಆಟೋಮ್ಯಾಟಿಕ್ ಲಾಕಿಂಗ್ ಹಬ್, ಹಳೇ ಓನರ್ ಎಲ್ಲಿಂದಲೋ ತಂದು ಹಾಕ್ಸಿದ್ದು.

ಎರಡು ವರ್ಷ ಏನೂ ತೊಂದ್ರೆ ಇರ್ಲಿಲ್ಲ. ಮೂರನೇ ವರ್ಷ ಜುಲೈಲಿ ಅಡಿಕೆಗೆ ಕೊಳೆರೋಗದ ಔಷಧಿ ಎರಡನೇ ಸಲ ಹೊಡಿಯೋ ಟೈಮು, ಮೈಲುತುತ್ತ, ಸುಣ್ಣ, ಮೋಟ್ರು, ಪೈಪು, ಎರಡು 200 ಲೀಟರ್ ಡ್ರಮ್ಮು, ಮೇಲೆ ನಾಲ್ಕು ಜನ ಕೊನೆಗಾರ್ರು, ಎಲ್ಲ ಹೇರ್ಕೊಂಡು ಇಳಿದಿದ್ವಿ, ವಾಪಸ್ ಹತ್ತೋವಾಗ ಹಳ್ಳ ದಾಟಿದ ಕೂಡ್ಲೇ ಗಾಡಿ ಹೂತ್ಕೊಂಡ್ತು. ಕೆಸರಲ್ಲಿ ಸಿಕ್ಕಾಕೊಂಡ್ರೆ ಏನ್ ಮಾಡ್ತೀವಿ, ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ಅಂತ ಉಯ್ಯಾಲೆ ಆಡಿಸ್ತೀವಿ ಅಲ್ವಾ, ಅದೇ ಮಾಡಿದ್ದು. ಪ್ರತಿ ಸಲ ರಿವರ್ಸ್ ಹಾಕಿದಾಗ ಮುಂದೆ ಕಟಕಟ ಅಂತ ಶಬ್ದ, ಐದಾರು ಸಲ ಆದ್ಮೇಲೆ ಒಂದು ದೊಡ್ಡ ಟಪ್. ಇಳಿದು ನೋಡ್ತೀನಿ, ಹಿಂದಿನ ಚಕ್ರ ಎರಡೂ ಗುಂಡಿ ತೋಡ್ತಾ ಇವೆ, ಮುಂದಿನ ಚಕ್ರ ಕಲ್ಲಿನ ಥರ ಸುಮ್ನೆ ನಿಂತಿದೆ. ಕತ್ತಲಾಗೋವರೆಗೂ ಜಡಿಮಳೆಲಿ ಕಲ್ಲು, ಅಡಿಕೆ ಹಾಳೆ, ಸೋಗೆ ಎಲ್ಲ ಚಕ್ರದ ಅಡಿಗೆ ಹಾಕಿ ಆಗ್ಲಿಲ್ಲ, ಕೊನೆಗೆ ಪಕ್ಕದ ಮನೆಯವರ ಟ್ರ್ಯಾಕ್ಟರ್ ಬಂದು ಎಳೀತು.

ಹಬ್ ಬಿಚ್ಚಿದಾಗ ಗೊತ್ತಾಯ್ತು ಏನಾಗಿದೆ ಅಂತ. ಚಕ್ರ ಶಾಫ್ಟಿಗೆ ಯಾವಾಗ್ಲೂ ಸೇರ್ಕೊಂಡೇ ಇದ್ರೆ, ಟೂ ವೀಲಲ್ಲಿ (ಹಿಂದಿನ ಚಕ್ರಕ್ಕೆ ಮಾತ್ರ ಬಲ ಕೊಟ್ಟು) ಓಡ್ವಾಗ ಮುಂದಿನ ಚಕ್ರ ಹಬ್ ಮೂಲಕ ಆಕ್ಸಲ್ ಶಾಫ್ಟನ್ನ, ಶಾಫ್ಟು ಡಿಫರೆನ್ಷಿಯಲನ್ನ (ಎಡ ಬಲ ಚಕ್ರಕ್ಕೆ ಬಲ ಹಂಚೋ ಗೇರು), ಅದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನ ಸುಮ್ಸುಮ್ನೆ ತಿರುಗಿಸ್ತಾ ಇರುತ್ತೆ. ಇದನ್ನ ಬಿಡಿಸೋಕೇ ಫ್ರೀ ವೀಲ್ ಹಬ್ ಬಂದಿದ್ದು, ಮಹಾಯುದ್ಧ ಮುಗಿದ ಮೇಲೆ ಮಿಕ್ಕಿದ ಜೀಪುಗಳನ್ನ ರೋಡಿಗೆ ಹದ ಮಾಡೋಕೆ 1948ರಲ್ಲಿ ಅಮೆರಿಕದ ವಾರ್ನ್ ಕಂಪನಿ ಇದೇ ಕೆಲ್ಸದಿಂದ ಶುರುವಾಗಿದ್ದು. ನಾನು ಹೇಳ್ತಿರೋ ಹಳೇ ಥರದ ಆಟೋ ಹಬ್ಬಲ್ಲಿ ಒಂದು ಕ್ಯಾಮ್ ಇರುತ್ತೆ, ಶಾಫ್ಟ್ ತಿರುಗಿ ಬಲ ಬಂದಾಗ ಕ್ಯಾಮ್ ಹಲ್ಲನ್ನ ತಳ್ಳಿ ಕೂರಿಸುತ್ತೆ, ಟೂ ವೀಲಿಗೆ ಬಂದು ಸ್ವಲ್ಪ ದೂರ ರಿವರ್ಸ್ ಹೋದ್ರೆ ಬಿಡುತ್ತೆ. ಅಂದ್ರೆ ದಿಕ್ಕು ಬದ್ಲಾದಾಗೆಲ್ಲ ಬಿಟ್ಟು ಮತ್ತೆ ಹಿಡೀಬೇಕು. ಕೆಸರಲ್ಲಿ ಹಿಂದೆ ಮುಂದೆ ಆಡ್ಸೋನಿಗೆ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ನನ್ನ ಹಬ್ಬಲ್ಲಿ ಕ್ಯಾಮ್ ಎರಡು ತುಂಡು, ಹಲ್ಲು ತುದಿ ಸವೆದು ಉಂಡೆ ಆಗಿತ್ತು.

ಆಮೇಲೆ ಏನ್ ಹಾಕ್ಸೋದು ಅಂತ ತಿಂಗಳಾನುಗಟ್ಟಲೆ ವಿಚಾರ್ಸಿದೆ. ಹಬ್ಬೇ ಬೇಡ, ಚಕ್ರವನ್ನ ಶಾಫ್ಟಿಗೆ ಕಾಯಂ ಸೇರ್ಸೋ ಗಟ್ಟಿ ಡ್ರೈವ್ ಫ್ಲ್ಯಾಂಜ್ ಹಾಕ್ಬಿಡಿ, ಮುರಿಯೋಕೆ ಒಳಗೆ ಏನೂ ಇರಲ್ಲ ಅಂದ್ರು ಕೆಲವ್ರು. ಮಾತು ನಿಜ, ತೋಟ ಬಿಟ್ಟು ಆಚೆ ಹೋಗದ ಜೀಪಿಗೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ನಮ್ ಗಾಡಿ ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಓಡುತ್ತೆ, ಅಷ್ಟು ದೂರ ಮುಂದಿನ ಕ್ರಾಸು, ಬೇರಿಂಗು, ಸೀಲು ಎಲ್ಲ ಸುಮ್ನೆ ಸವೀತಾವೆ. ಪೈಪಲ್ಲಿ ಗಾಳಿ ಎಳೆದು ಲಾಕ್ ಮಾಡೋ ವ್ಯಾಕ್ಯೂಮ್ ಹಬ್ ಅಂತೂ ಯೋಚನೇನೇ ಮಾಡ್ಲಿಲ್ಲ, ರಬ್ಬರ್ ಪೈಪನ್ನ ಒಂದು ಇಲಿ ಕಚ್ಚಿದ್ರೆ ಮುಗೀತು.

ಕೊನೆಗೆ ಬ್ರೆಜಿಲ್‌ನ ಎವಿಎಂ ಕಂಪನಿಯ ಮ್ಯಾನುವಲ್ ಹಬ್ ತರ್ಸಿದೆ, ಮೇಲಿರೋ ಡಯಲನ್ನ ಕೈಯಲ್ಲೇ ತಿರುಗಿಸಿ ಲಾಕ್ ಅಥವಾ ಫ್ರೀ ಮಾಡೋದು. ತಗೊಳ್ಳೋರಿಗೆ ಒಂದು ಮಾತು, ಗಾಡಿ ಹೆಸರು ಹೇಳಿ ಆರ್ಡರ್ ಕೊಡಬೇಡಿ. ಹಳೇ ಗಾಡಿಗಳಲ್ಲಿ ಯಾರ್ ಯಾವಾಗ ಯಾವ ಆಕ್ಸಲ್ ಹಾಕ್ಸಿರ್ತಾರೋ ಗೊತ್ತಿರಲ್ಲ. ಹಬ್ ಕ್ಯಾಪ್ ಬಿಚ್ಚಿ, ಶಾಫ್ಟ್ ತುದಿ ಬಟ್ಟೆಲಿ ಒರ್ಸಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿಂದ ಎಣಿಸಿ. ಹಳೇ ವಿಲ್ಲಿಸ್ ಆಕ್ಸಲ್ಲಿಗೆ 10 ಹಲ್ಲು, ಬೇರೆಯವಕ್ಕೆ ಬೇರೆ ಲೆಕ್ಕ. ಆಮೇಲೆ ಬೋಲ್ಟ್ ಎಷ್ಟು, ಎದುರುಬದುರು ಬೋಲ್ಟಿನ ನಡುವೆ ಎಷ್ಟು ಅಂತರ, ಶಾಫ್ಟ್ ಎಷ್ಟು ಹೊರಗೆ ಚಾಚಿದೆ, ಲಾಕ್ ರಿಂಗ್ ಕೂರೋ ಗ್ರೂವ್ ಎಲ್ಲಿದೆ, ಇಷ್ಟೂ ಫೋಟೋ ಸಮೇತ ಅಂಗಡಿಯವರಿಗೆ ಕಳ್ಸಿ. ನಾನು ಮೊದ್ಲು ಒಂದು ಅಂಗಡಿಯವರ ಮಾತು ನಂಬಿ ಬೇರೆ ಸೆಟ್ ತಂದು, ಹಲ್ಲು ಹೊಂದ್ದೆ ವಾಪಸ್ ಕೊಡೋಕೆ ಎರಡು ತಿಂಗಳು ಅಲೆದಿದೀನಿ.

ಹಾಕ್ಸೋದು ಅರ್ಧ ದಿನದ ಕೆಲ್ಸ. ಬೋಲ್ಟ್ ಎದುರುಬದುರಾಗಿ ಟೈಟ್ ಮಾಡ್ಬೇಕು, ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ್ಮೇಲೆ ಇನ್ನೊಂದ್ಸಲ ನೋಡ್ಬೇಕು. ಗ್ರೀಸ್ ವಿಷಯ ಬಹಳ ಮುಖ್ಯ. ಎರಡನೇ ವರ್ಷ ಸರ್ವೀಸಿಗೆ ಬಿಟ್ಟಾಗ ಗ್ಯಾರೇಜಲ್ಲಿ ಹುಡುಗ್ರು ವೀಲ್ ಬೇರಿಂಗ್ ಗ್ರೀಸನ್ನ ಹಬ್ ಒಳಗೂ ಗಿಡಿದು ತುಂಬಿದ್ರು, ಚಳಿಗಾಲದ ಬೆಳಿಗ್ಗೆ ಡಯಲ್ ತಿರುಗ್ಲೇ ಇಲ್ಲ. ಹಲ್ಲಿಗೆ ತೆಳ್ಳಗೆ ಸವರಿದ್ರೆ ಸಾಕು. ಡಯಲ್ ಬಿಗಿ ಇದ್ರೆ ಕಟಿಂಗ್ ಪ್ಲೇಯರ್ ಹಾಕಿ ತಿರುಚಬೇಡಿ, ಗಾಡಿ ಒಂದಡಿ ಹಿಂದೆ ಮುಂದೆ ಮಾಡಿ, ಹಲ್ಲಿಗೆ ಹಲ್ಲು ಸೇರಿದ್ರೆ ಕೈಯಲ್ಲೇ ಟಕ್ಕಂತ ಕೂರುತ್ತೆ.

ಎಲ್ರೂ ಕೇಳೋದು ಒಂದೇ, ಮಳೆಲಿ ಇಳಿದು ಎರಡೂ ಕಡೆ ತಿರುಗಿಸೋದು ರಗಳೆ ಅಲ್ವಾ ಅಂತ. ನಮಗೆ ದಣಪೆ (ದಾರಿಗೆ ಅಡ್ಡ ಇರೋ ಗೇಟು) ತೆಗಿಯೋಕೆ ಹೆಂಗೂ ಇಳೀಲೇಬೇಕಲ್ಲ ಮಾರಾಯ್ರೆ, ಅಲ್ಲೇ ಎಡಗಡೆ ಒಂದು ಬಲಗಡೆ ಒಂದು ಲಾಕ್ ಮಾಡೋದು, ವಾಪಸ್ ಬಂದು ದಣಪೆ ಹಾಕ್ವಾಗ ಫ್ರೀ ಮಾಡೋದು. ಹೂತ್ಕೊಂಡ ಮೇಲೆ ಮೊಣಕಾಲುದ್ದ ಕೆಸರಲ್ಲಿ ಡಯಲ್ ಹುಡುಕೋದು ಮಾತ್ರ ಬೇಡ. ಲಾಕಲ್ಲೇ ಇಟ್ಟು ಟೂ ವೀಲಲ್ಲಿ ಟಾರ್ ರೋಡಿಗೆ ಬಂದ್ರೂ ಏನೂ ಮುರಿಯಲ್ಲ, ಸ್ಟೇರಿಂಗ್ ಸ್ವಲ್ಪ ಭಾರ, ಮುಂದೆ ಒಂದು ಗುಂಯ್ ಶಬ್ದ, ಅಷ್ಟೇ. ಫೋರ್ ವೀಲ್ ಲಿವರ್ ಹಾಕ್ಕೊಂಡೇ ಒಣ ಟಾರಲ್ಲಿ ತಿರುವು ತಗೊಳ್ಳೋದು ಮಾತ್ರ ತಪ್ಪು.

ಎರಡೂ ಕಡೆ ನೋಡ್ಲೇಬೇಕು. ಒಂದ್ಸಲ ಅಣ್ಣನ ಮಗ ಎಡಗಡೆ ಮಾತ್ರ ಲಾಕ್ ಮಾಡಿ ಬಂದಿದ್ದ, ಡಿಫರೆನ್ಷಿಯಲ್ ಇರೋ ಬಲವನ್ನೆಲ್ಲ ಬಿಟ್ಟಿರೋ ಕಡೆಗೇ ಕಳ್ಸುತ್ತೆ, ಬಲಗಡೆ ಶಾಫ್ಟ್ ಹಬ್ ಒಳಗೆ ಸುಮ್ನೆ ಸುತ್ತುತ್ತೆ, ಫೋರ್ ವೀಲ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಅನುಕೂಲ ಆಮೇಲೆ ಗೊತ್ತಾಗಿದ್ದು. ಹಬ್ ಫ್ರೀ ಬಿಟ್ಟು ಫೋರ್ ಲೋ (ಫೋರ್ ವೀಲಿನ ನಿಧಾನದ, ಜಾಸ್ತಿ ಬಲದ ಗೇರು) ಹಾಕಿದ್ರೆ ಹಿಂದಿನ ಚಕ್ರಕ್ಕೆ ಮಾತ್ರ ಲೋ ಗೇರ್ ಸಿಗುತ್ತೆ. ಅಂಗಳಕ್ಕೆ ಹಸಿ ಅಡಿಕೆ ಗೊನೆ ತುಂಬ್ಕೊಂಡು ರಿವರ್ಸ್ ತಗೊಳ್ವಾಗ ಕ್ಲಚ್ ಸುಡದೆ ಇಂಚಿಂಚು ಹೋಗ್ಬಹುದು. ಆದ್ರೆ ಬಲವೆಲ್ಲ ಹಿಂದಿನ ಆಕ್ಸಲ್ ಮೇಲೇ ಬೀಳೋದ್ರಿಂದ ಲೋಡ್ ಹಾಕ್ಕೊಂಡು ಏರು ಹತ್ಸೋಕೆ ಇದನ್ನ ಬಳಸಬೇಡಿ.

ಮೈಲೇಜ್ ಜಾಸ್ತಿ ಆಯ್ತಾ ಅಂದ್ರೆ, ಲೋಡ್ ಗಾಡಿಲಿ ದಿನಕ್ಕೊಂದು ಲೆಕ್ಕ ಬರುತ್ತೆ, ಅದನ್ನ ನಂಬಿ ಹಬ್ ತಗೋಬೇಡಿ. ಬೇಸಿಗೆಲಿ ತಿಂಗಳಿಗೊಮ್ಮೆ ಲಾಕ್ ಮಾಡಿ ಒಂದೆರಡು ಕಿಲೋಮೀಟರ್ ಓಡಿಸಿ, ಮುಂದಿನ ಆಕ್ಸಲ್ ಒಳಗೆ ಆಯಿಲ್ ಆಡ್ಬೇಕು. ರೋಡಲ್ಲಿ ಓಡಿ ಬಿಸಿಯಾದ ಹಬ್ಬನ್ನ ಹಂಗೇ ಹಳ್ಳಕ್ಕೆ ಇಳಿಸಬೇಡಿ, ತಣ್ಣೀರಿಗೆ ಒಳಗಿನ ಗಾಳಿ ಕುಗ್ಗಿ ಓ ರಿಂಗ್ (ನೀರು ತಡೆಯೋ ರಬ್ಬರ್ ಬಳೆ) ಸಂದಿಯಿಂದ ನೀರು ಎಳ್ಕೊಳುತ್ತೆ. ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ರೆ ನೀರು ಹೋಗಿದೆ ಅಂತ್ಲೇ ಅರ್ಥ. ನಾನು ಹಳ್ಳದ ಈಚೆ ಹತ್ತು ನಿಮಿಷ ನಿಲ್ಲಿಸ್ತೀನಿ, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಓ ರಿಂಗ್ ಬದಲಾಯಿಸ್ತೀನಿ.

ಈ ವರ್ಷ ಮೇ ಕೊನೇಲಿ ಎರಡೂ ಬಿಚ್ಚಿದೆ, ಗ್ರೀಸ್ ಶುದ್ಧ ಇತ್ತು, ಹಲ್ಲಿನ ಅಂಚು ಇನ್ನೂ ಚೂಪಾಗೇ ಇವೆ. ಡಯಲ್ ಮೇಲಿನ ಗುರುತು ಮಾತ್ರ ಕೆಸರು ಉಜ್ಜಿ ಉಜ್ಜಿ ಮಾಸಿತ್ತು, ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಕಾಣ್ಲಿ ಅಂತ ಲಾಕ್ ಇರೋ ಕಡೆ ಒಂದೊಂದು ಬಿಳಿ ಪೇಂಟ್ ಚುಕ್ಕಿ ಇಟ್ಟಿದೀನಿ.