ಪ್ರೊಸೆಸರನ್ನು ಅಂಗಡಿಯ ಒಳಕೋಣೆಗೆ ಬಿಡಬೇಡಿ

ಬೆಳಗಾವಿಯಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟಾದರೂ ನೆನಪಿಡಿ: ಡಬ್ಬಿಯ ಸೀಲು ನಿಮ್ಮ ಕಣ್ಣೆದುರೇ ಒಡೆಯಬೇಕು, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ನಿಮ್ಮ ಕಣ್ಣೆದುರೇ ಮದರ್ ಬೋರ್ಡಿನಲ್ಲಿ ಕೂರಬೇಕು. "ಒಳಗೆ ಹುಡುಗ ಕೂರಿಸಿಕೊಡುತ್ತಾನೆ, ಅಲ್ಲಿಯವರೆಗೆ ಚಹಾ ತೆಗೆದುಕೊಳ್ಳಿ ಮೇಡಂ" ಎಂದರೆ ಚಹಾ ಬೇಡವೆನ್ನಿ. ಆ ಅರ್ಧ ಲೋಟ ಚಹಾದಷ್ಟು ದುಬಾರಿ ಚಹಾವನ್ನು ಈ ಊರಿನಲ್ಲಿ ಯಾರೂ ಕುಡಿದಿರಲಾರರು.

ಅಂಗಡಿಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ದಡ ಸೇರುವವರೆಗೆ ಹೆಸರು ಎತ್ತಬೇಡವೆಂದು ತಿಳಿದವರು ಹೇಳಿದ್ದಾರೆ. ಇಲ್ಲದಿದ್ದರೆ ಈ ಬರಹದ ತಲೆಬರಹವೇ ಆ ಹೆಸರಾಗಿರುತ್ತಿತ್ತು.

ನನ್ನ ಕೆಲಸ ಡ್ರಾಫ್ಟಿಂಗ್. ಉದ್ಯಮಬಾಗದ ಸಣ್ಣ ಕಾರ್ಖಾನೆಗಳಿಗೆ, ಫೌಂಡ್ರಿಗಳಿಗೆ ಶಾಫ್ಟು, ಬುಶ್ಶು, ಫ್ಲ್ಯಾಂಜುಗಳ ಡ್ರಾಯಿಂಗ್ ಮಾಡಿಕೊಡುತ್ತೇನೆ. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಲು ಬರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಸರಿ, ಕೆಲಸಕ್ಕೆಂದೇ ಒಂದು ಯಂತ್ರ ಮಾಡಿಕೊಳ್ಳೋಣವೆಂದು ಪಟ್ಟಿ ಹಾಕಿದೆ. ಒಂದೊಂದು ಭಾಗವನ್ನೂ ಓದಿ, ಕೇಳಿ, ಹೋಲಿಸಿ ಹಾಕಿದ ಪಟ್ಟಿ ಅದು. ಪ್ರೊಸೆಸರ್ ಇಂಟೆಲ್ ಐ5-12400. ಬಿ660 ಬೋರ್ಡು. 8 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು. ಕಡತಗಳನ್ನು ಇಡಲು 512 ಜಿಬಿಯ ಎನ್‌ವಿಎಂಇ ಡಿಸ್ಕು. ವಿದ್ಯುತ್ ಒದಗಿಸಲು ಬ್ರಾಂಜ್ ದರ್ಜೆಯ 550 ವಾಟ್‌ ಎಸ್‌ಎಂಪಿಎಸ್.

ಐ5-12400 ಏಕೆಂದರೆ ಪರದೆಗೆ ಚಿತ್ರ ಕಳುಹಿಸುವ ಗ್ರಾಫಿಕ್ಸ್ ಅದರೊಳಗೇ ಇದೆ. ಯುಎಚ್‌ಡಿ 730 ಎನ್ನುತ್ತಾರೆ. ಆಟ ಆಡಲು ಅದು ಸಾಲದು, ಆದರೆ ನನ್ನ ಎರಡು ಆಯಾಮದ ಡ್ರಾಯಿಂಗಿಗೆ ಧಾರಾಳ. ಬೇರೆ ಗ್ರಾಫಿಕ್ಸ್ ಕಾರ್ಡಿನ ಖರ್ಚು ಉಳಿಯುತ್ತದೆ. ಇದೇ ಪ್ರೊಸೆಸರಿನ ಇನ್ನೊಂದು ಬಗೆ ಐ5-12400ಎಫ್. ಎರಡೂ 2022ರ ಜನವರಿಯಲ್ಲಿ ಬಂದವು, ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್, ಬೋರ್ಡಿನಲ್ಲಿ ಕೂರಲು ಒಂದೇ ಸಾಕೆಟ್. ಎಫ್ ಇರುವುದರಲ್ಲಿ ಮಾತ್ರ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಅದು ಅಗ್ಗ. ಕಾರ್ಡ್ ಹಾಕದೆ ಅದರಲ್ಲಿ ಪರದೆ ಬೆಳಗುವುದೇ ಇಲ್ಲ. ಇದನ್ನೆಲ್ಲ ನಾನು ಮಾಲೀಕರಿಗೆ ಬಾಯಿಬಿಟ್ಟು ಹೇಳಿದ್ದೇನೆ. "ಎಫ್ ಬೇಡ, ಎಫ್ ಇಲ್ಲದ್ದು ಬೇಕು" ಎಂದು ಚೀಟಿಯಲ್ಲಿ ಗೆರೆ ಎಳೆದು ಕೊಟ್ಟಿದ್ದೇನೆ. "ನೀವು ಬಹಳ ಓದಿಕೊಂಡು ಬಂದಿದ್ದೀರಿ ಮೇಡಂ" ಎಂದು ಹೊಗಳಿದರು. ಆ ಹೊಗಳಿಕೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರ‍್ಯಾಮ್ ಬೆಲೆ ಏರಿದೆ, ನಾಳೆ ಬಂದರೆ ಈ ದರ ಸಿಗುವುದಿಲ್ಲ ಎಂದು ಅವಸರ ಮಾಡಿದರು. ಡಬ್ಬಿಗಳು ಬಂದವು, ಪ್ರೊಸೆಸರಿನ ನೀಲಿ ಡಬ್ಬಿಯ ಮೇಲೆ ಐ5-12400 ಎಂದೇ ಇತ್ತು, ಎಫ್ ಇರಲಿಲ್ಲ, ನಾನೇ ಓದಿದೆ. ಮನೆಗೆ ಒಯ್ದು ನಾನೇ ಜೋಡಿಸುತ್ತೇನೆ ಎಂದಾಗ ಮಾಲೀಕರು ನಕ್ಕರು. "ಉಳಿದದ್ದು ಏನಾದರೂ ಮಾಡಿಕೊಳ್ಳಿ, ಪ್ರೊಸೆಸರ್ ಕೂರಿಸುವುದು ಮಾತ್ರ ಸೂಕ್ಷ್ಮ ಕೆಲಸ. ಅದೊಂದನ್ನು ಒಳಗೆ ಮಾಡಿಸಿ, ಪರೀಕ್ಷೆ ಮಾಡಿ ಕೊಡುತ್ತೇನೆ. ದುಡ್ಡು ಬೇಡ." ಹುಡುಗ ಡಬ್ಬಿಗಳನ್ನು ಎತ್ತಿಕೊಂಡು ಒಳಕೋಣೆಯ ಬಾಗಿಲ ಪರದೆಯ ಹಿಂದೆ ಹೋದ. ಚಹಾ ಬಂತು. ಸ್ವಲ್ಪ ಹೊತ್ತಿಗೆ "ನೋಡಿ ಮೇಡಂ" ಎಂದು ಒಳಗಿನ ಮಾನಿಟರನ್ನು ನನ್ನ ಕಡೆ ತಿರುಗಿಸಿದರು. ಬೋರ್ಡಿನ ಕಂಪನಿಯ ಲಾಂಛನ ಬೆಳಗಿತು. ಅಷ್ಟೇ, ವಯರ್ ಕಿತ್ತರು. ಬೋರ್ಡು ನನಗೆ ಕಾಣುವಂತಿರಲಿಲ್ಲ. ಅದರ ಮೇಲೆ ಅವರದೇ ಗ್ರಾಫಿಕ್ಸ್ ಕಾರ್ಡ್ ಚುಚ್ಚಿತ್ತೆಂದು ನನಗೆ ಆಗ ಹೇಗೆ ಗೊತ್ತಾಗಬೇಕು?

ಟಿಳಕವಾಡಿಯ ಮನೆಯಲ್ಲಿ ಕುಳಿತು ಜೋಡಿಸಿದೆ. ಜೋಡಿಸುವುದೇನೂ ಬ್ರಹ್ಮವಿದ್ಯೆಯಲ್ಲ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗುಂಡಿ ಒತ್ತಿದೆ, ಫ್ಯಾನ್ ತಿರುಗಿತು, ಪರದೆ ಕಪ್ಪು. ಬೋರ್ಡಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ದೀಪಗಳ ಸಾಲಿದೆ, ಅದರಲ್ಲಿ ವಿಜಿಎ (ಅಂದರೆ ಗ್ರಾಫಿಕ್ಸ್) ಎಂದು ಬರೆದ ದೀಪ ಉರಿದು ಹಾಗೆಯೇ ನಿಂತಿತು. ವಯರ್ ಬದಲಿಸಿದೆ, ಟಿವಿಗೆ ಜೋಡಿಸಿದೆ, ರ‍್ಯಾಮ್ ಕಿತ್ತು ಹಾಕಿದೆ. ಕಪ್ಪು.

ಇನ್ನು ಅವರ ಉತ್ತರಗಳು. ಇವುಗಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಫೋನಿನಲ್ಲಿ: "ಮಾನಿಟರ್ ಹಳೆಯದಿರಬೇಕು ಮೇಡಂ." ಟಿವಿಯಲ್ಲೂ ಬರುತ್ತಿಲ್ಲ ಎಂದೆ. "ಹಾಗಾದರೆ ಕರೆಂಟಿನ ತೊಂದರೆ. ನಿಮ್ಮ ಕಡೆ ವೋಲ್ಟೇಜ್ ಸರಿ ಇರುವುದಿಲ್ಲ." ಎಲ್ಲವನ್ನೂ ಹೊತ್ತುಕೊಂಡು ಹೋದೆ. ಬೋರ್ಡನ್ನು ಕೈಯಲ್ಲಿ ಹಿಡಿದು, ಪ್ರೊಸೆಸರಿನ ಮೇಲೆ ಕೂತು ಅದನ್ನು ತಂಪಾಗಿಡುವ ಕೂಲರನ್ನು ಕೂಡ ತೆಗೆಯದೆ, ಬೆಳಕಿಗೆ ಎತ್ತಿ ನೋಡಿ ಹೇಳಿದರು: "ಜೋಡಿಸುವಾಗ ಪ್ರೊಸೆಸರಿನ ಪಿನ್ ಬಗ್ಗಿಸಿಬಿಟ್ಟಿದ್ದೀರಿ."

ಈ ಪ್ರೊಸೆಸರಿಗೆ ಪಿನ್ನೇ ಇಲ್ಲ! ಎಲ್‌ಜಿಎ 1700 ಸಾಕೆಟ್ ಅದು, ಪಿನ್ನುಗಳೆಲ್ಲ ಬೋರ್ಡಿನಲ್ಲಿರುತ್ತವೆ, ಪ್ರೊಸೆಸರಿನ ಅಡಿ ನುಣ್ಣಗೆ, ಚಿನ್ನದ ಬಣ್ಣದ ಚುಕ್ಕೆಗಳಷ್ಟೇ. ಅದೂ ಅಲ್ಲದೆ ಅದನ್ನು ಕೂರಿಸಿದ್ದು ನಾನಲ್ಲ, ಅವರ ಹುಡುಗ. ಹಾಗೆಂದೆ. "ಹುಡುಗ ಸರಿಯಾಗಿಯೇ ಕೂರಿಸಿದ್ದ, ನೀವು ಮನೆಯಲ್ಲಿ ಅಲುಗಾಡಿಸಿದ್ದೀರಿ." ಇಲ್ಲೇ ಬಿಚ್ಚಿ ತೋರಿಸಿ ಎಂದೆ. "ಬಿಚ್ಚಿದರೆ ವಾರಂಟಿ ಹೋಗುತ್ತದೆ." ಕೂಲರ್ ತೆಗೆದರೆ ಪ್ರೊಸೆಸರಿನ ವಾರಂಟಿ ಹೋಗುವುದಿಲ್ಲ, ಹಾಗೆ ಹೋಗುವುದಾದರೆ ಜಗತ್ತಿನಲ್ಲಿ ಯಾರೂ ಕೂಲರಿನ ಅಡಿಗೆ ಹಚ್ಚುವ, ಶಾಖ ದಾಟಿಸುವ ಪೇಸ್ಟ್ ಬದಲಿಸುವಂತಿಲ್ಲ. ಅದನ್ನೂ ಹೇಳಿದೆ. ಆಗ ಬಂತು ನೋಡಿ ಆ ಮಾತು: "ಮನೆಯಲ್ಲಿ ಅಣ್ಣನೋ ತಮ್ಮನೋ ಇದ್ದರೆ ಕರೆದುಕೊಂಡು ಬನ್ನಿ. ಅವರಿಗೆ ತಿಳಿಸಿ ಹೇಳುತ್ತೇನೆ."

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಎಲ್ಲರೂ ನನ್ನತ್ತ ತಿರುಗಿದರು. ಕೈಯಲ್ಲಿ ಬೋರ್ಡು, ಚೀಲದಲ್ಲಿ ಡಬ್ಬಿ, ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನನ್ನ ತಮ್ಮನಿಗೆ ಕಂಪ್ಯೂಟರ್ ಎಂದರೆ ಟೈಪಿಂಗ್ ಪರೀಕ್ಷೆ. ಆದರೂ ಕರೆದುಕೊಂಡು ಹೋದೆ, ಏನು ಹೇಳುತ್ತಾರೋ ಕೇಳೋಣವೆಂದು. ಅವನಿಗೆ ಕುರ್ಚಿ ಕೊಟ್ಟು, ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ಇದು: "ತಮ್ಮಾ, ಈಗಿನ ಸಾಫ್ಟ್‌ವೇರಿಗೆ ಒಳಗಿನ ಗ್ರಾಫಿಕ್ಸ್ ಸಾಲುವುದಿಲ್ಲ. ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ. ಅಕ್ಕನಿಗಾಗಿ ದರದಲ್ಲಿ ಬಿಟ್ಟುಕೊಡುತ್ತೇನೆ. ಕಾರ್ಡ್ ಹಾಕಿದ ತಕ್ಷಣ ಪರದೆ ಬರುತ್ತದೆ, ಗ್ಯಾರಂಟಿ."

ಪಿನ್ ಬಾಗಿದ್ದರೆ ಕಾರ್ಡ್ ಹಾಕಿದ ತಕ್ಷಣ ಹೇಗೆ ಬರುತ್ತದೆ? ಕಾರ್ಡ್ ಹಾಕಿದರೆ ಬರುತ್ತದೆಂದು ಅಷ್ಟು ಗ್ಯಾರಂಟಿಯಾಗಿ ಇವರಿಗೆ ಹೇಗೆ ಗೊತ್ತು?

ಆ ರಾತ್ರಿ ಕೂಲರ್ ಬಿಚ್ಚಿದೆ. ನಾಲ್ಕು ಮೂಲೆಯ ಕಪ್ಪು ಗುಂಡಿಗಳನ್ನು ಬಾಣದ ಗುರುತಿನ ಕಡೆಗೆ ತಿರುವಿ ಮೇಲೆತ್ತಿದರೆ ಕೂಲರ್ ಬಿಟ್ಟುಕೊಳ್ಳುತ್ತದೆ. ಪ್ರೊಸೆಸರಿನ ಮೇಲೆಲ್ಲ ಬೂದು ಬಣ್ಣದ ಪೇಸ್ಟು, ಬೇಕೆಂದೇ ಮೆತ್ತಿದಷ್ಟು ದಪ್ಪ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಮೊದಲು ಇಂಟೆಲ್ ಎಂಬುದು ಕಂಡಿತು, ಆಮೇಲೆ ಐ5, ಆಮೇಲೆ 12400. ಒಂದು ಕ್ಷಣ ನನಗೇ ಅವರ ಮೇಲೆ ಅನುಮಾನಪಟ್ಟೆನಲ್ಲಾ ಎನಿಸಿತು. ಕೊನೆಯ ಸೊನ್ನೆಯ ಪಕ್ಕದಲ್ಲಿ ಇನ್ನೂ ಸ್ವಲ್ಪ ಪೇಸ್ಟ್ ಉಳಿದಿತ್ತು. ಒರೆಸಿದೆ. ಎಫ್.

ಡಬ್ಬಿಯ ಪಕ್ಕದ ಚೀಟಿಯಲ್ಲಿ ಬ್ಯಾಚ್ ಸಂಖ್ಯೆ ಇರುತ್ತದೆ, ಅದೇ ಸಂಖ್ಯೆಯನ್ನು ಪ್ರೊಸೆಸರಿನ ಲೋಹದ ಮೇಲೂ ಕೆತ್ತಿರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ನನ್ನ ಡಬ್ಬಿಯ ಪ್ರೊಸೆಸರ್ ಪರದೆಯ ಹಿಂದೆ ಉಳಿದುಕೊಂಡಿತು, ಎಲ್ಲಿಂದಲೋ ಬಂದ ಎಫ್ ನನ್ನ ಮನೆಗೆ ಬಂತು. ಪಟ್ಟಿ ಹಾಕಿ, ಗೆರೆ ಎಳೆದು, ಎಫ್ ಬೇಡವೆಂದು ಹೇಳಿದವಳಿಗೇ ಎಫ್!

ಕಥೆ ಇಲ್ಲಿಗೆ ಮುಗಿಯಲಿಲ್ಲ. ಉದ್ಯಮಬಾಗದಲ್ಲಿ ನನಗೆ ಕೆಲಸ ಕೊಡುವ ಕಾಕಾ ಒಬ್ಬರು ತಮ್ಮ ಕಚೇರಿಯ ಹಳೆಯ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಕೊಟ್ಟರು. ಕೊಡುವಾಗ "ಏನವ್ವಾ, ನಮ್ಮ ಕ್ಯಾಸ್ಟಿಂಗಿನಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಜಗಳಕ್ಕೆ ಬರುತ್ತೀ, ನಿನಗೇ ಟೋಪಿ ಹಾಕಿದರಲ್ಲ" ಎಂದು ನಕ್ಕರು. ನಗಲಿ. ಕಾರ್ಡ್ ಹಾಕಿದೆ, ಪರದೆ ಬಂತು. ವಿಂಡೋಸ್ ಹಾಕಲು ಹೊರಟರೆ "ಹೊಸ" ಡಿಸ್ಕಿನಲ್ಲಿ ಆಗಲೇ ವಿಭಾಗಗಳಿವೆ! ತೆರೆದು ನೋಡಿದರೆ ಯಾವುದೋ ಫೋಟೋ ಸ್ಟುಡಿಯೋದ ಕಡತಗಳು. ಮದುವೆ ಫೈನಲ್, ಮದುವೆ ಫೈನಲ್ ಹೊಸದು, ಮದುವೆ ಫೈನಲ್ ಕಡೆಯದು. ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತ ಮದುಮಕ್ಕಳು ನನ್ನ ಹೊಸ ಕಂಪ್ಯೂಟರಿನಿಂದ ನನ್ನನ್ನು ನೋಡಿ ನಗುತ್ತಿದ್ದಾರೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವಿದೆ, ಡಿಸ್ಕು ಒಟ್ಟು ಎಷ್ಟು ಗಂಟೆ ಓಡಿದೆ, ಎಷ್ಟು ಬರೆಸಿಕೊಂಡಿದೆ ಎಲ್ಲ ಹೇಳುತ್ತದೆ. ನನ್ನದು 6,300 ಗಂಟೆ ದಾಟಿತ್ತು. ಹಗಲು ರಾತ್ರಿ ಬಿಡದೆ ಓಡಿದರೂ ಎಂಟು ತಿಂಗಳಿಗಿಂತ ಹೆಚ್ಚು. ಅದರ ಚಿತ್ರ ತೆಗೆದು ಕಳುಹಿಸಿದೆ. ಬಂದ ಉತ್ತರ: "ಅದು ಕಂಪನಿಯವರ ಟೆಸ್ಟಿಂಗ್ ಗಂಟೆ ಮೇಡಂ." ಮದುವೆಯ ಫೋಟೋ ಕಳುಹಿಸಿದೆ. ಕಂಪನಿಯವರು ಟೆಸ್ಟಿಂಗಿಗೆ ಗೋಕಾಕಕ್ಕೆ ಹೋಗಿದ್ದರೇ ಎಂದು ಕೇಳಿದೆ. ಅದಕ್ಕೆ ಉತ್ತರವಿಲ್ಲ.

ರ‍್ಯಾಮ್ ಎರಡು ಪಟ್ಟಿ ಕೇಳಿದ್ದೆ, ಒಂದೇ 16 ಜಿಬಿಯದು ಕೊಟ್ಟಿದ್ದರು. ಎರಡಿದ್ದರೆ ಎರಡು ದಾರಿಯಲ್ಲಿ ದತ್ತಾಂಶ ಓಡುತ್ತದೆ, ಒಳಗಿನ ಗ್ರಾಫಿಕ್ಸಿಗೆ ಅದರಿಂದ ಬಹಳ ಅನುಕೂಲ. ಅದನ್ನು ಅಂಗಡಿಯಲ್ಲೇ ಕೇಳಿದ್ದಕ್ಕೆ "ಒಟ್ಟು ಹದಿನಾರು ಆಯಿತಲ್ಲ, ಲೆಕ್ಕ ಸರಿ ಇದೆ" ಎಂದಿದ್ದರು. ಒಳಗಿನ ಗ್ರಾಫಿಕ್ಸೇ ಇಲ್ಲದ ಮೇಲೆ ಆ ಜಗಳವನ್ನು ಯಾರ ಹತ್ತಿರ ಆಡಲಿ? ಎಸ್‌ಎಂಪಿಎಸ್ ಒಂದು ಮಾತ್ರ ಕೇಳಿದ್ದೇ ಬಂದಿದೆ, ಅದೂ ಅದರ ಸೀಲನ್ನು ಮನೆಯಲ್ಲಿ ನಾನೇ ಒಡೆದದ್ದರಿಂದ ಇರಬೇಕು.

ಬಿಲ್ಲಿನ ವಿಷಯ. ಪಕ್ಕಾ ಬಿಲ್ ಬೇಕು ಎಂದಾಗ "ಜಿಎಸ್‌ಟಿ 18 ಶೇಕಡಾ ಮೇಲೆ ಬೀಳುತ್ತದೆ, ಸುಮ್ಮನೆ ಏಕೆ?" ಎಂದರು. ಇರಲಿ, ಕೊಡುತ್ತೇನೆ ಎಂದೆ. ಕಂಪ್ಯೂಟರ್ ಕೆಟ್ಟಿದೆ, ಸಂಜೆ ವಾಟ್ಸ್‌ಆ್ಯಪಿಗೆ ಕಳುಹಿಸುತ್ತೇನೆ ಎಂದು ಒಂದು ಎಸ್ಟಿಮೇಟ್ ಚೀಟಿ ಕೈಗಿತ್ತರು. ಕಂಪ್ಯೂಟರ್ ಅಂಗಡಿಯಲ್ಲಿ ಕಂಪ್ಯೂಟರ್ ಕೆಟ್ಟಿದೆ! ಬಿಲ್ಲು ಇವತ್ತಿಗೂ ಬಂದಿಲ್ಲ. ಚೀಟಿಯಲ್ಲಿ "ಐ5 12ನೇ ಜನರೇಶನ್ – 1, ಡಿಸ್ಕ್ 512 – 1" ಎಂದಷ್ಟೇ ಇದೆ. ಮಾದರಿಯ ಪೂರ್ತಿ ಹೆಸರಿಲ್ಲ, ಸೀರಿಯಲ್ ನಂಬರಿಲ್ಲ. ಎಫ್ ಕೂಡ ಐ5, ಎಫ್ ಕೂಡ 12ನೇ ಜನರೇಶನ್, ಎಂಟು ತಿಂಗಳು ಓಡಿದ ಡಿಸ್ಕೂ 512. ಅರ್ಧ ಹೆಸರು ಬರೆಯುವುದು ಸೋಮಾರಿತನದಿಂದಲ್ಲ ಎಂದು ಈಗ ಅರ್ಥವಾಗಿದೆ. "ಚೀಟಿಯಲ್ಲಿ ಇರುವುದನ್ನೇ ಕೊಟ್ಟಿದ್ದೇವೆ" ಎಂದು ಅವರು ಎದೆ ತಟ್ಟಿ ಹೇಳುವುದು ಅದರ ಬಲದ ಮೇಲೆಯೇ. ದುಡ್ಡು ಹೋದದ್ದು ಕೂಡ ಅಂಗಡಿಯ ಹೆಸರಿಗಲ್ಲ, ಬೇರೆ ಯಾರದೋ ಹೆಸರಿನ ಯುಪಿಐಗೆ. ಪುಣ್ಯಕ್ಕೆ ಆ ದಾಖಲೆಯಾದರೂ ಫೋನಿನಲ್ಲಿದೆ.

ಚೀಟಿಯ ಕೆಳಗೆ "ಮಾರಿದ ವಸ್ತುವನ್ನು ಹಿಂಪಡೆಯುವುದಿಲ್ಲ" ಎಂದು ಅಚ್ಚು ಹಾಕಿದ್ದಾರೆ. ಅದನ್ನು ನೋಡಿ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ದೋಷವಿರುವ ವಸ್ತುವನ್ನು ಹಿಂಪಡೆಯಲು ಒಪ್ಪದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ನಾನು ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟರಾಯಿತು.

ಕೊಳ್ಳುವವರಿಗೆ ಹೇಳುವುದು ಸ್ವಲ್ಪವೇ. ಬಿಲ್ಲಿನಲ್ಲಿ ಪ್ರತಿ ಭಾಗದ ಪೂರ್ತಿ ಮಾದರಿ ಹೆಸರು, ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಬರೆಯಲು ಮುಖ ಸಿಂಡರಿಸಿದರೆ ಎದ್ದು ಬನ್ನಿ. ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ, ನೋಡಿಕೊಳ್ಳಿ. ಪರೀಕ್ಷೆ ಮಾಡಿ ತೋರಿಸುತ್ತೇವೆ ಎಂದರೆ ಲಾಂಛನ ಸಾಲದು, ಬೋರ್ಡಿನದೇ ಸೆಟ್ಟಿಂಗ್ ಪುಟವಾದ ಬಯಾಸ್ ತೆರೆಸಿ, ಪ್ರೊಸೆಸರಿನ ಹೆಸರು ಅಲ್ಲಿ ಪೂರ್ತಿ ಬರುತ್ತದೆ. ಬೋರ್ಡಿನ ಮೇಲೆ ಏನೇನು ಚುಚ್ಚಿದ್ದಾರೆಂದು ಎದ್ದು ಹೋಗಿ ನೋಡಿ. ಹೆಣ್ಣುಮಕ್ಕಳೇ, ಅಣ್ಣನನ್ನು ಕರೆತನ್ನಿ ಎಂದರೆ ಅಂಗಡಿಯನ್ನೇ ಬದಲಿಸಿ.

ದೂರು ಹೋದ ಮೇಲೆ ಅಂಗಡಿಯವರ ದನಿ ಮೆತ್ತಗಾಗಿದೆ. ನಿನ್ನೆ ತಮ್ಮನ ಫೋನಿಗೆ, ನನಗಲ್ಲ, ತಮ್ಮನ ಫೋನಿಗೆ ಸಂದೇಶ ಬಂತು: "ಅಕ್ಕನಿಗೆ ಹೇಳಿ ದೂರು ಹಿಂಪಡೆಯಲು ತಿಳಿಸಿ, ಡಿಸ್ಕ್ ಬದಲಿಸಿ ಕೊಡುತ್ತೇನೆ. ಪ್ರೊಸೆಸರ್ ಬಗ್ಗೆ ಆಮೇಲೆ ಮಾತನಾಡೋಣ." ತಮ್ಮನ ಫೋನಿನಿಂದಲೇ ಉತ್ತರ ಬರೆದೆ: ಮೊದಲು ಎಫ್ ಇಲ್ಲದ ಪ್ರೊಸೆಸರ್, ಡಬ್ಬಿಯ ಸಂಖ್ಯೆಗೆ ಹೊಂದುವಂಥದ್ದು, ಪಕ್ಕಾ ಬಿಲ್ಲಿನ ಸಮೇತ. ಅಲ್ಲಿಯವರೆಗೆ ದೂರೂ ಇರುತ್ತದೆ, ಮದುವೆಯ ಫೋಟೋಗಳಿರುವ ಡಿಸ್ಕೂ ನನ್ನ ಬಳಿಯೇ ಇರುತ್ತದೆ.